ಮಡಚುವ ಚಾಕುವಿನ ಹಿಡಿ: ಕೊಂಬು, ಮೂಳೆ, ಮರ

ಕೇಳುಗರಿಗೆ ನಮಸ್ಕಾರ.

ಹಳೆಯ ಮಡಚುವ ಚಾಕು ಕೈಗೆ ಸಿಕ್ಕರೆ ಎಲ್ಲರೂ ಅಲಗನ್ನೇ ನೋಡುತ್ತಾರೆ. ಮೊದಲು ಹಿಡಿಯನ್ನು ನೋಡಿ. ಅಲಗಿನ ತುಕ್ಕನ್ನು ಉಜ್ಜಿ ತೆಗೆಯಬಹುದು, ಸೀಳಿದ ಹಿಡಿಯನ್ನು ಮಾತ್ರ ಬದಲಿಸಲೇಬೇಕಾಗುತ್ತದೆ.

ಒಳಗೆ ಹಿತ್ತಾಳೆಯ ತೆಳು ತಗಡು, ಅದರ ಮೇಲೆ ಸುಮಾರು 3 ಮಿಲಿಮೀಟರ್ ದಪ್ಪದ ಪಟ್ಟಿ, ಎರಡನ್ನೂ ಬಿಗಿಯುವ ಸಣ್ಣ ಪಿನ್ನುಗಳು. ಕೊಂಬು, ಮೂಳೆ, ಮರ ತೇವಕ್ಕೆ ಹಿಗ್ಗಿ ಬಿಸಿಲಿಗೆ ಕುಗ್ಗುತ್ತವೆ, ತಗಡು ಅಲುಗುವುದಿಲ್ಲ. ಈ ಎಳೆದಾಟಕ್ಕೆ ಮೊದಲು ಬಲಿಯಾಗುವುದು ಪಿನ್ನಿನ ತೂತಿನ ಅಂಚು. ಬಿರುಕು ಶುರುವಾಗುವುದು ಅಲ್ಲೇ.

ಇಂಗ್ಲೆಂಡಿನ ಶೆಫೀಲ್ಡ್, ಜರ್ಮನಿಯ ಸೋಲಿಂಗನ್ ಊರುಗಳ ಚಾಕು ಕಟ್ಟುವವರು ಬಹುಕಾಲ ಆಸೆಪಟ್ಟದ್ದು ನಮ್ಮ ಕಡವೆಯ ಕೊಂಬನ್ನು. ಅದರ ಹೊರಪದರ ಗಟ್ಟಿ, ಒಳಗಿನ ಸ್ಪಂಜಿನಂಥ ತಿರುಳು ಕಡಿಮೆ. ತಿರುಳು ಹೆಚ್ಚಿದ್ದರೆ ಪಿನ್ನು ಕಚ್ಚಿ ನಿಲ್ಲುವುದಿಲ್ಲ. ಬಂಡೀಪುರ, ನಾಗರಹೊಳೆಯ ಸುತ್ತಮುತ್ತಲಿನವರಿಗೆ ಕಡವೆ ಹೊಸದಲ್ಲ. ಆದರೆ ಕಾಡಿನಲ್ಲಿ ತಾನಾಗಿ ಉದುರಿದ ಕೊಂಬನ್ನೂ ಎತ್ತಿ ತರಬೇಡಿ, ಅದು ವನ್ಯಜೀವಿ ಕಾನೂನಿಗೆ ವಿರುದ್ಧ. ಭಾರತದಿಂದ ಕೊಂಬಿನ ರಫ್ತು ನಿಂತ ಮೇಲೆ ಹಳೆಯ ದಾಸ್ತಾನಿನ ಬೆಲೆ ಏರಿತು. ಕಾಡುಜೀವಿಗಳ ದೃಷ್ಟಿಯಿಂದ ಅದು ಸರಿಯಾದ ನಿರ್ಧಾರವೇ.

ಕೊಂಬಿನ ಬದಲಿಗೆ ಬಹಳ ಹಿಂದಿನಿಂದಲೂ ಬಳಕೆಯಲ್ಲಿರುವುದು ದನದ ಕಾಲಿನ ಮೂಳೆ. ಅದನ್ನು ಕುದಿಸಿ ಜಿಡ್ಡು ತೆಗೆದು, ಪಟ್ಟಿಯಾಗಿ ಕುಯ್ದು, ಮೇಲೆಲ್ಲ ಕಟ್ಟರಿನಿಂದ ಗುಳಿ ಕೊರೆಯುತ್ತಾರೆ. ನೋಡಲು ಕೊಂಬಿನಂತಿರಬೇಕು, ಕೈ ಜಾರಲೂ ಬಾರದು. ಆಮೇಲೆ ಬಣ್ಣದಲ್ಲಿ ನೆನೆಸುತ್ತಾರೆ. ಹೊಳಪು ಕೊಡುವಾಗ ಉಬ್ಬು ತಿಳಿಯಾಗಿ, ಗುಳಿ ಕಪ್ಪಾಗಿ ಉಳಿಯುತ್ತದೆ. ಒಳ್ಳೆಯ ಚಾಕುವಿನ ಚೆಲುವೆಲ್ಲ ಆ ಎರಡು ಬಣ್ಣಗಳಲ್ಲೇ ಇದೆ.

ಮೂಳೆಯ ಪಟ್ಟಿಯನ್ನು ನೀವೇ ಕೂರಿಸುವುದಾದರೆ ತೂತು ಪಿನ್ನಿಗಿಂತ ಕೂದಲೆಳೆಯಷ್ಟು ದೊಡ್ಡದಿರಲಿ. ತೂತಿನ ಬಾಯಿಯನ್ನು ಸ್ವಲ್ಪ ಅಗಲಿಸಿ. ಪಿನ್ನಿನ ತುದಿಯನ್ನು ಸಣ್ಣ ಸುತ್ತಿಗೆಯಿಂದ ಸುತ್ತಲೂ ಹಗುರವಾಗಿ ತಟ್ಟುತ್ತಾ ಬನ್ನಿ. ಆ ಬಾಯಿ ತುಂಬಿದ ಕೂಡಲೇ ನಿಲ್ಲಿಸಿ. ಇನ್ನೆರಡು ಏಟು ಬಿತ್ತೋ, ಪಿನ್ನು ಒಳಗೇ ಉಬ್ಬಿ ಮೂಳೆ ಸೀಳುತ್ತದೆ. ಉಜ್ಜುವಾಗ ಬೆರಳಿಗೆ ಬಿಸಿ ತಾಗಿದರೆ ಆರಲು ಬಿಡಿ. ಮೂಳೆಯ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಮಾಸ್ಕ್ ಕಟ್ಟಿಕೊಳ್ಳದೆ ಕೂರಬೇಡಿ.

ಎಮ್ಮೆಯ ಕೊಂಬು ಬಿಸಿಗೆ ಮೆತ್ತಗಾಗುತ್ತದೆ, ಒತ್ತಿ ಚಪ್ಪಟೆ ಮಾಡುವುದು ಸುಲಭ. ಆದರೆ ಕಾಲ ಕಳೆದಂತೆ ಕುಗ್ಗುತ್ತದೆ, ಹುಳುವೂ ತಿನ್ನುತ್ತದೆ.

ಮರದ ಹಿಡಿಗೆ ಫ್ರಾನ್ಸಿನ ಸವೊಯ್ ಸೀಮೆಯಲ್ಲಿ 1890ರಲ್ಲಿ ಹುಟ್ಟಿದ ಒಪಿನೆಲ್ ಎಂಬ ಮಡಚುವ ಚಾಕು ಒಳ್ಳೆಯ ಉದಾಹರಣೆ. ಬೀಚ್ ಎಂಬ ಮರದ ಅದರ ಹಿಡಿ ನೆನೆದರೆ ಉಬ್ಬಿ ಅಲಗನ್ನು ಕಚ್ಚಿಕೊಳ್ಳುತ್ತದೆ. ಇಕ್ಕಳ ಹಾಕಿ ಎಳೆಯಬೇಡಿ. ಹಿಡಿಯ ಹಿಂತುದಿಯನ್ನು ಮೇಜಿನ ಅಂಚಿಗೆ ತಟ್ಟಿದರೆ ಅಲಗು ಮೇಲೇಳುತ್ತದೆ. ಆಮೇಲೆ ನೆರಳಿನಲ್ಲಿ ಒಣಗಿಸಿ, ಅಗಸೆ ಎಣ್ಣೆ ಹಚ್ಚಿ.

ಕೊನೆಯದಾಗಿ ಸೆಲ್ಯುಲಾಯ್ಡ್, ಅಂದರೆ ಹಳೆಯ ಕಾಲದ ಒಂದು ಬಗೆಯ ಪ್ಲಾಸ್ಟಿಕ್. ಹಳೆಯ ಚಾಕುಗಳಲ್ಲಿ ಮುತ್ತಿನ ಚಿಪ್ಪಿನಂತೆ ಹೊಳೆಯುವ ಹಿಡಿ ಹಲವು ಸಲ ಇದೇ ಆಗಿರುತ್ತದೆ. ಉಜ್ಜಿದರೆ ಕರ್ಪೂರದ ವಾಸನೆ ಬರುತ್ತದೆ. ಹಳತಾದಾಗ ಅದು ಬಿಡುವ ಆಮ್ಲದ ಹೊಗೆ ಅಕ್ಕಪಕ್ಕದ ಚಾಕುಗಳ ಉಕ್ಕನ್ನೂ ತುಕ್ಕು ಹಿಡಿಸುತ್ತದೆ, ಬೆಂಕಿಗಂತೂ ತಕ್ಷಣ ಹೊತ್ತಿಕೊಳ್ಳುತ್ತದೆ. ಅಂಥದ್ದನ್ನು ಮುಚ್ಚಿದ ಡಬ್ಬಿಯಲ್ಲಿ ಇಡದೆ, ಗಾಳಿಯಾಡುವ ಕಡೆ, ಉಳಿದ ಚಾಕುಗಳಿಂದ ದೂರ ಇಡಿ.

ನಮಸ್ಕಾರ.