ಗೇಟ್ ಹೋಯ್ತು, ಕೆರೆ ಬಂತು

ನಮ್ಮೂರ ಹತ್ತಿರ ಒಂದು ರೈಲ್ವೆ ಗೇಟ್ ಇತ್ತು. ಗೇಟ್ ಬಿತ್ತು ಅಂದರೆ ಇಪ್ಪತ್ತು ನಿಮಿಷ. ಬೈಕ್ ಆಫ್ ಮಾಡಿ, ಕಡಲೆಕಾಯಿ ತಿಂದು, ಪಕ್ಕದ ಗಾಡಿಯವರ ಜೊತೆ ಎಲೆಕ್ಷನ್ ಮಾತಾಡಿ ಮುಗಿಸಿದರೂ ರೈಲಿನ ಸುಳಿವೇ ಇರುತ್ತಿರಲಿಲ್ಲ. ಆಮೇಲೆ ಗೇಟ್ ತೆಗೆದು ಅಂಡರ್‌ಪಾಸ್ ಮಾಡಿದರು. ಎಲ್ಲರೂ ಖುಷಿಪಟ್ಟೆವು, ನಾನೂ. ಮೊದಲ ದೊಡ್ಡ ಮಳೆಗೇ ಅದರಲ್ಲಿ ಸೊಂಟದವರೆಗೆ ನೀರು. ಈಗ ಮಳೆಗಾಲದಲ್ಲಿ ಯಾರೂ ಇಪ್ಪತ್ತು ನಿಮಿಷ ಕಾಯುವುದಿಲ್ಲ, ಎಂಟು ಕಿಲೋಮೀಟರ್ ಸುತ್ತಿಕೊಂಡು ಹೋಗುತ್ತೇವೆ.

ಗೇಟ್ ತೆಗೆಯಲೇಬಾರದು ಅಂತ ನಾನು ಹೇಳುತ್ತಿಲ್ಲ. ಬ್ರಾಡ್‌ಗೇಜ್ ಮಾರ್ಗಗಳಲ್ಲಿ ಕಾವಲಿಲ್ಲದ ಗೇಟ್‌ಗಳೆಲ್ಲ 2019ರ ಜನವರಿ ಹೊತ್ತಿಗೆ ಹೋದವು. ಅದರಿಂದ ಉಳಿದ ಜೀವಗಳಿಗೆ ಬೆಲೆ ಕಟ್ಟೋಕಾಗಲ್ಲ. ನನ್ನ ತಕರಾರು ಒಂದೇ. ಗುದ್ದಲಿ ಹಾಕುವ ಮುಂಚೆ ನೀರು ಎಲ್ಲಿಗೆ ಹೋಗುತ್ತದೆ ಅಂತ ಯಾಕೆ ಕೇಳಲ್ಲ?

ರೈಲ್ವೆಯವರ ಹತ್ತಿರ ಟಿವಿಯು, ಅಂದರೆ ಟ್ರೇನ್ ವೆಹಿಕಲ್ ಯೂನಿಟ್, ಅಂತ ಒಂದು ಲೆಕ್ಕ ಇದೆ. ದಿನಕ್ಕೆ ಎಷ್ಟು ರೈಲು, ಎಷ್ಟು ವಾಹನ, ಎರಡನ್ನೂ ಗುಣಿಸುತ್ತಾರೆ. ಲಾರಿ, ಕಾರು, ಎತ್ತಿನ ಗಾಡಿ ಒಂದೊಂದು ಯೂನಿಟ್. ಆಟೊ ಅರ್ಧ. ಬೈಕು ಕಾಲು. 1 ಲಕ್ಷ ದಾಟಿದರೆ ರೈಲ್ವೆ ಮತ್ತು ರಾಜ್ಯ ಖರ್ಚನ್ನು ಅರ್ಧರ್ಧ ಹಾಕಿಕೊಂಡು ಸೇತುವೆ ಕಟ್ಟುವುದು ಬಹಳ ಕಾಲದ ರೂಢಿ. 60 ರೈಲು ಓಡುವ ಕಡೆ 1,700 ಯೂನಿಟ್ ಇದ್ದರೆ ಸಾಕು. ಎತ್ತಿನ ಗಾಡಿಗೆ ಒಂದು, ನನ್ನ ಬೈಕಿಗೆ ಕಾಲು, ಅದು ಹೋಗಲಿ ಬಿಡಿ. ತಲೆ ಮೇಲೆ ಹುಲ್ಲು ಹೊತ್ತು ನಡೆದು ಬರುವ ಹೆಂಗಸು ಈ ಲೆಕ್ಕದಲ್ಲಿ ಸೊನ್ನೆ. ನೀರಿನ ಕಾಲಂ ಅಂತೂ ಇಲ್ಲವೇ ಇಲ್ಲ.

ಮೇಲೆ ಸೇತುವೆ ಬಿಟ್ಟು ಕೆಳಗೇ ಯಾಕೆ ಹೋಗುತ್ತಾರೆ ಅನ್ನೋದೂ ಗೊತ್ತಿರಲಿ. ಕರೆಂಟ್ ತಂತಿ ಇರುವ ಮಾರ್ಗದಲ್ಲಿ ಹಳಿಯಿಂದ ಆರೂವರೆ ಮೀಟರ್ ಜಾಗ ಬಿಡಬೇಕು, ಅದರ ಮೇಲೆ ಗರ್ಡರ್ ದಪ್ಪ ಸೇರಿ ರಸ್ತೆ ಒಂಬತ್ತು ಮೀಟರ್ ಹತ್ತಿರ ಹೋಗುತ್ತದೆ. 30 ಮೀಟರಿಗೆ 1 ಮೀಟರ್ ಏರಿಸಿದರೂ ಆಚೆ ಈಚೆ 270 ಮೀಟರ್ ಏರು ಬೇಕು. ಆ ಜಾಗದಲ್ಲಿ ಅಂಗಡಿ, ಮನೆ, ಗುಡಿ ಎಲ್ಲ ಇರುತ್ತವೆ. ಭೂಸ್ವಾಧೀನ, ಪರಿಹಾರ, ಕೋರ್ಟು, ಮುಗಿಯುವ ಕತೆಯಲ್ಲ. ಕೆಳಗೆ ಹೋದರೆ ಈ ತಲೆನೋವು ಕಡಿಮೆ: ಕಾಂಕ್ರೀಟ್ ಬಾಕ್ಸ್ ಮಾಡಿ ಜಾಕ್ ಹಾಕಿ ಹಳಿಯ ಅಡಿಗೆ ತಳ್ಳುತ್ತಾರೆ, ರೈಲುಗಳು ಮೇಲೆ ನಿಧಾನಕ್ಕೆ ಓಡುತ್ತಲೇ ಇರುತ್ತವೆ. ನಿಜವಾಗಲೂ ನೋಡೋಕೆ ಚೆಂದ.

ಆದರೆ ಆ ಬಾಕ್ಸು ಸುತ್ತಲಿನ ಹೊಲಕ್ಕಿಂತ ತಗ್ಗಿನಲ್ಲಿದೆ. ಮಣ್ಣು ಏರಿಸಿ ಹಾಕಿದ ರೈಲು ಹಳಿ ಅಂದರೆ ಉದ್ದಕ್ಕೂ ಒಂದು ಕೆರೆ ಏರಿ ಇದ್ದ ಹಾಗೆ. ಅದಕ್ಕೇ ಹಿಂದಿನವರು ಹಳ್ಳ ಹರಿಯುವ ಕಡೆಯೆಲ್ಲ ಮೋರಿ ಬಿಟ್ಟಿದ್ದರು. ಈಗ ಕೆಲವು ಕಡೆ ಆ ನೀರಿನ ಸೇತುವೆಯ ಅಡಿಯಲ್ಲೇ ರಸ್ತೆ ಎಳೆದು ಅಂಡರ್‌ಪಾಸ್ ಅಂತಾರೆ! ಹಳ್ಳಕ್ಕೇನು ಗೊತ್ತು ಇದು ರಸ್ತೆ ಅಂತ, ಅದು ತನ್ನ ಹಳೇ ದಾರಿಯಲ್ಲೇ ಬರುತ್ತದೆ.

ಪರಿಸರ ಪರಿಶೀಲನೆ ಇರಲ್ವಾ ಅಂತ ನೀವು ಕೇಳಬಹುದು. ಯಾವ ಯೋಜನೆಗೆ ಮೊದಲೇ ಪರಿಸರ ಅನುಮತಿ ಬೇಕು ಅಂತ ಹೇಳುವ 2006ರ ಇಐಎ (ಪರಿಸರ ಪರಿಣಾಮದ ಅಂದಾಜು) ಅಧಿಸೂಚನೆಯ ಪಟ್ಟಿಯಲ್ಲಿ ಹೆದ್ದಾರಿ ಇದೆ, ಬಂದರು ಇದೆ, ವಿಮಾನ ನಿಲ್ದಾಣ ಇದೆ, ರೈಲ್ವೆ ಇಲ್ಲ. ಹಾಗಾಗಿ ಬರೀ ಗೇಟ್ ತೆಗೆಯುವ ಕೆಲಸಕ್ಕೆ ಪರಿಸರ ಅನುಮತಿ ಬೇಕಾಗಲ್ಲ. ಅರಣ್ಯ ಜಾಗ ಸಿಕ್ಕರೆ ಅರಣ್ಯದವರ ಅನುಮತಿ, ಮರ ಇದ್ದರೆ ಮರ ಕಡಿಯಲು ಅನುಮತಿ. ಮರ ಎಣಿಸುತ್ತಾರೆ, ಹಳ್ಳ ಎಣಿಸಲ್ಲ.

ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ 2015ರಿಂದ ಸಾಲಾಗಿ ರೈಲ್ವೆ ಗೇಟ್ ತೆಗೆಯುತ್ತಿದ್ದಾರೆ. ಅಲ್ಲಿ ಕಡಲ ಪಕ್ಕದ ಈಡಿತ್‌ವೇಲ್, ಬಾನ್‌ಬೀಚ್ ಅನ್ನೋ ಎರಡು ಕಡೆ ರಸ್ತೆ ಇದ್ದಲ್ಲೇ ಇರಲಿ, ರೈಲನ್ನೇ ಕಂದಕಕ್ಕೆ ಇಳಿಸೋಣ ಅಂತ ಯೋಜನೆ ಆಯಿತು. ಹತ್ತಿರದಲ್ಲೇ ಹಕ್ಕಿಗಳ ಜೌಗು ಪ್ರದೇಶ, ನಮ್ಮ ರಂಗನತಿಟ್ಟು ಇರುವ ಅದೇ ರಾಮ್ಸರ್ ಪಟ್ಟಿಯದು, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿ. ಕಂದಕದ ಗೋಡೆ ನೆಲದೊಳಗಿನ ನೀರಿಗೆ ಅಡ್ಡ ನಿಂತರೆ? ಒಂದು ಕಡೆ ನೀರು ಏರುತ್ತದೆ, ಇನ್ನೊಂದು ಕಡೆ ಇಳಿಯುತ್ತದೆ. ಇದಕ್ಕಾಗಿಯೇ 2017ರಲ್ಲಿ ಪೂರ್ತಿ ಪರಿಸರ ವರದಿ ಮಾಡಿ ಅಂತ ಅಲ್ಲಿನ ಸರ್ಕಾರ ಹೇಳಿತು. 2018ರಲ್ಲಿ ಅದನ್ನು ಜನರ ಮುಂದಿಟ್ಟು ವಿಚಾರಣೆ ಮಾಡಿದರು. 2021ರಲ್ಲಿ ಹೊಸ ಸ್ಟೇಷನ್‌ಗಳೂ ಶುರುವಾದವು. ನಾಲ್ಕು ವರ್ಷ ಅಷ್ಟೆ. ನಮ್ಮಲ್ಲಿ ಯಾವ ವರದಿಯೂ ಇಲ್ಲದೆ, ಹಳಿಯ ಮೇಲಿನ ತುಂಡು ಮಾತ್ರ ಕಟ್ಟಿ, ಎರಡೂ ಕಡೆಯ ಏರು ಇಲ್ಲದೆ ನಿಂತ ಸೇತುವೆಗಳು ಅದಕ್ಕಿಂತ ಜಾಸ್ತಿ ವರ್ಷ ಬಿಸಿಲು ಕಾಯುತ್ತವೆ.

ಹಾಗಂತ ಎಲ್ಲದಕ್ಕೂ ಸಾವಿರ ಪುಟದ ವರದಿ ಬೇಕು ಅಂತಲ್ಲ. ಪರಿಸರ ಕಾನೂನಿನಲ್ಲಿ ಕಟ್ಟುನಿಟ್ಟು ಅನ್ನೋ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲೂ ಇರುವ ಗೇಟ್ ತೆಗೆದು ಸೇತುವೆ ಮಾಡುವುದಕ್ಕೆ ವಿನಾಯಿತಿ ಇದೆ. ಅದು ನನಗೆ ಒಪ್ಪಿಗೆಯೇ. ಗೇಟ್ ಉಳಿದಷ್ಟು ದಿನವೂ ಅಪಾಯ ತಾನೇ. ನಾನು ಕೇಳೋದು ಎರಡು ಪುಟ. ಈ ಜಾಗಕ್ಕೆ ಮಳೆಗಾಲದಲ್ಲಿ ಎಲ್ಲಿಂದ ನೀರು ಬರುತ್ತದೆ, ಯಾವ ಕೆರೆಯ ಕೋಡಿ ಈ ಕಡೆ ಹರಿಯುತ್ತದೆ, ಬಾಕ್ಸಿನಿಂದ ಆಚೆ ತಾನಾಗೇ ಹರಿದು ಹೋಗಲು ಇಳಿಜಾರು ಇದೆಯಾ, ನಡೆದು ಹೋಗುವವರು ಎಷ್ಟು ಜನ. ಬರೆಯೋಕೆ ಕನ್ಸಲ್ಟೆಂಟೂ ಬೇಡ. ಕೆರೆ ನೀರು ಬಿಡುವ ಕೆಲಸ ನೋಡಿಕೊಳ್ಳುತ್ತಿದ್ದ ಊರಿನ ಹಳೇ ನೀರುಗಂಟಿಯನ್ನು ಕರೆದುಕೊಂಡು ಹೋಗಿ ನಿಲ್ಲಿಸಿ, ಅರ್ಧ ಗಂಟೆಯಲ್ಲಿ ಕೈ ಮಾಡಿ ತೋರಿಸುತ್ತಾನೆ.

ಹೋದ ತಿಂಗಳು ನಮ್ಮ ಮುಂದಿನ ಗೇಟ್ ಹತ್ತಿರ ಅಳತೆ ಮಾಡೋಕೆ ಇಬ್ಬರು ಹುಡುಗರು ಬಂದಿದ್ದರು. ಟೀ ಕೊಡಿಸಿ ಕೇಳಿದೆ, ‘ಇಲ್ಲೂ ಅಂಡರ್‌ಪಾಸೇನಪ್ಪಾ? ನೀರು ನಿಂತರೆ?’

‘ಪಂಪ್ ಇಡ್ತಾರೆ ಸಾರ್, ಕರೆಂಟ್ ಮೋಟ್ರು’ ಅಂದ ಒಬ್ಬ.

ನಮ್ಮೂರಲ್ಲಿ ನಾಲ್ಕು ಹನಿ ಬಿದ್ದರೆ ಮೊದಲು ಹೋಗೋದೇ ಕರೆಂಟು.