ಎಷ್ಟು ಜನ ಎಂದು ಕೇಳಬೇಡಿ

ಅವರು ಸೂಜಿಗೆ ದಾರ ಪೋಣಿಸಲು ಮೂರು ಬಾರಿ ಪ್ರಯತ್ನಿಸಿದರು. ಮೂರು ಬಾರಿಯೂ ದಾರದ ತುದಿ ಸೂಜಿಯ ಕಣ್ಣಿನ ಪಕ್ಕಕ್ಕೆ ಜಾರಿತು. ಕೈ ನಡುಗುತ್ತಿತ್ತು. ಮಡಿಲಲ್ಲಿ ಒಂದು ಕಪ್ಪು ಕೊಡೆ ಅರ್ಧ ಬಿಚ್ಚಿಕೊಂಡು ಬಿದ್ದಿತ್ತು; ಒಂದು ಕಡ್ಡಿಯ ತುದಿಯಲ್ಲಿ ಬಟ್ಟೆ ಕಿತ್ತುಹೋಗಿತ್ತು, ಅದನ್ನು ಹೊಲಿಯಬೇಕಿತ್ತು. ನಾನು ಅವರ ಎದುರಿಗೆ ಒಂದು ಮೊಳ ದೂರದಲ್ಲಿ ಕುಳಿತು ನನ್ನ ಸಾಕ್ಷಿಯನ್ನು ಹೇಳುತ್ತಿದ್ದೆ. ಮೂರು ನಿಮಿಷದ ಸಾಕ್ಷಿ. ಯೇಸುವನ್ನು ಅರಿಯುವ ಮುಂಚೆ ನಾನು ಹೇಗಿದ್ದೆ, ಹೇಗೆ ಅರಿತೆ, ಈಗ ಹೇಗಿದ್ದೇನೆ. ಸುವಾರ್ತೆ ಸಾರುವ ಮಿಷನ್ ಯಾತ್ರೆಗೆ ಕಾಲೇಜಿನಿಂದ ಹೊರಡುವ ಮುಂಚೆ ಎರಡು ವಾರ ಬಾಯಿಪಾಠ ಮಾಡಿದ್ದ ಮಾತುಗಳು ಅವು, ಒಂದು ಪದವೂ ತಪ್ಪಲಿಲ್ಲ.

ನಾನು ಮುಗಿಸಿದಾಗ ಆ ಅಜ್ಜ ತಲೆಯೆತ್ತಿ ಕೇಳಿದರು: "ಮುಗಿಯಿತೇ ಮಗು? ಹಾಗಾದರೆ ಈಗ ನನ್ನದೊಂದು ಮಾತು ಕೇಳುತ್ತೀಯಾ?"

ಅಷ್ಟರಲ್ಲಿ ವ್ಯಾನಿನ ಹಾರ್ನ್ ಕೇಳಿಸಿತು. ಮುಂದಿನ ಊರಿಗೆ ಹೊರಡಬೇಕಿತ್ತು. ನಾನು ಕೈಮುಗಿದು, ಅವರಿಗಾಗಿ ಪ್ರಾರ್ಥಿಸುತ್ತೇನೆಂದು ಹೇಳಿ ಓಡಿದೆ. ವ್ಯಾನಿನಲ್ಲಿ ಒಂದು ನಮೂನೆ ಕೈಯಿಂದ ಕೈಗೆ ಬಂತು. ಸುವಾರ್ತೆ ಕೇಳಿದವರು, ಜೊತೆಯಲ್ಲಿ ಪ್ರಾರ್ಥಿಸಿದವರು, ತೀರ್ಮಾನ ತೆಗೆದುಕೊಂಡವರು ಎಂದು ಅದರಲ್ಲಿ ಮೂರು ಅಂಕಣಗಳು. ಮೊದಲ ಅಂಕಣದಲ್ಲಿ ನಾನು ಒಂದು ಗೆರೆ ಎಳೆದೆ. ಆ ಗೆರೆಯೇ ಆ ಅಜ್ಜ.

ಅವರು ಏನು ಹೇಳಬೇಕೆಂದಿದ್ದರೋ ನನಗೆ ಇಂದಿಗೂ ತಿಳಿಯದು. ಆ ಸೂಜಿಗೆ ದಾರ ಪೋಣಿಸಿಕೊಡಬೇಕೆಂದು ಕೂಡ ನನಗೆ ಹೊಳೆಯಲಿಲ್ಲ. ನನ್ನ ಕಣ್ಣು ಚೆನ್ನಾಗಿತ್ತು, ಕೈ ಗಟ್ಟಿಯಾಗಿತ್ತು, ಅರ್ಧ ನಿಮಿಷದ ಕೆಲಸ. ಆದರೆ ನಾನು ರಕ್ಷಣೆಯ ವಿಷಯ ಮಾತನಾಡುವುದರಲ್ಲಿ ಮುಳುಗಿದ್ದೆ.

ಕಾಲೇಜಿನಿಂದ ಮಿಷನ್ ಯಾತ್ರೆಗೆ ಹೊರಡಲು ಚೀಲ ಕಟ್ಟುತ್ತಿರುವ ತಮ್ಮ ತಂಗಿಯರೇ, ಇಂದು ನಾನು ಮಾತನಾಡುತ್ತಿರುವುದು ನಿಮ್ಮೊಂದಿಗೆ. ಹೋಗಬೇಡಿ ಎಂದು ಹೇಳಲು ಬಂದಿಲ್ಲ. ಹೋಗಿ. ಬಾಯಿ ತೆರೆದು ಮಾತನಾಡಿ. ಆದರೆ ಆ ನಮೂನೆಯನ್ನು ಮಾತ್ರ ಕೊಂಡೊಯ್ಯಬೇಡಿ.

ಬಾಯಿ ತೆರೆಯಿರಿ ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಮ್ಮಲ್ಲಿ ಹಲವರು ಗೋಡೆಗೆ ಬಣ್ಣ ಬಳಿದು, ಮಕ್ಕಳೊಂದಿಗೆ ಆಡಿ, ನಂಬಿಕೆಯ ಬಗ್ಗೆ ಒಂದು ಮಾತನ್ನೂ ಆಡದೆ ಹಿಂದಿರುಗುತ್ತಾರೆ. ಕೇಳಿದರೆ "ಸದಾ ಸುವಾರ್ತೆ ಸಾರಿರಿ, ಅಗತ್ಯವಿದ್ದರೆ ಮಾತನ್ನು ಬಳಸಿರಿ" ಎಂದು ಇಟಲಿಯ ಸಂತ, ಅಸ್ಸಿಸಿಯ ಫ್ರಾನ್ಸಿಸ್ ಹೇಳಿದ್ದಾರಲ್ಲ ಎನ್ನುತ್ತಾರೆ. ಫ್ರಾನ್ಸಿಸರ ಬರಹಗಳಲ್ಲಿ ಆ ವಾಕ್ಯವೇ ಇಲ್ಲ. ಅವರು ಊರೂರು ಸುತ್ತಿ ಉಪದೇಶ ಮಾಡಿದವರು. ನಾಚಿಕೆಯನ್ನು ವಿನಯವೆಂದು ಕರೆದುಕೊಳ್ಳುವುದು ಸುಲಭ, ನಾನೂ ಹಾಗೆ ಮಾಡಿದ್ದುಂಟು. ನನ್ನ ಬದುಕಿನಲ್ಲಿ ಅತಿ ಅಮೂಲ್ಯವಾದದ್ದನ್ನು ಸ್ನೇಹಿತರಿಂದ ಬಚ್ಚಿಟ್ಟುಕೊಳ್ಳುವುದರಲ್ಲಿ ಯಾವ ಪ್ರೀತಿಯೂ ಇಲ್ಲ.

ಹಾಗಿದ್ದರೆ ಎಣಿಕೆಯಲ್ಲಿ ತಪ್ಪೇನು ಎಂದು ಕೇಳುತ್ತೀರಿ. ಬೈಬಲಿನ ಅಪೊಸ್ತಲರ ಕೃತ್ಯಗಳಲ್ಲೇ ಒಂದೇ ದಿನ ಮೂರು ಸಾವಿರ ಜನ ಸೇರಿದರೆಂದು ಬರೆದಿದೆಯಲ್ಲ ಎನ್ನುತ್ತೀರಿ. ಬರೆದಿದೆ. ಆ ಮೂರು ಸಾವಿರ ಜನ ಆಮೇಲೆ ಏನು ಮಾಡಿದರು ಎಂಬುದೂ ಅಲ್ಲೇ ಬರೆದಿದೆ: ಉಪದೇಶದಲ್ಲಿ ನಿರತರಾಗಿದ್ದರು, ಒಟ್ಟಿಗೆ ರೊಟ್ಟಿ ಮುರಿದರು, ತಮ್ಮಲ್ಲಿದ್ದದ್ದನ್ನು ಹಂಚಿಕೊಂಡರು. ಆಮೇಲಿನ ಬದುಕನ್ನೂ ಸೇರಿಸಿ ಬರೆದಿಟ್ಟ ಲೆಕ್ಕ ಅದು. ನಾವು ಹತ್ತು ದಿನ ಇದ್ದು ಬರುವವರು. ಹನ್ನೊಂದನೆಯ ದಿನ ಅಲ್ಲಿ ಏನಾಗುತ್ತದೆ ಎಂಬುದನ್ನು ನೋಡಲು ಉಳಿಯದವರು ಯಾವ ಧೈರ್ಯದಿಂದ ಲೆಕ್ಕ ಬರೆಯುತ್ತೇವೆ?

ವಿದ್ಯಾರ್ಥಿಗಳು ಹೊರಡುವ ಪರಂಪರೆ ಬಹಳ ಹಳೆಯದು. 1806ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ವಿಲಿಯಮ್ಸ್ ಕಾಲೇಜಿನ ಐದು ಹುಡುಗರು ಬಯಲಿನಲ್ಲಿ ಪ್ರಾರ್ಥಿಸಲು ಸೇರಿದ್ದರು. ಗುಡುಗು ಮಳೆ ಬಂತು. ಹುಲ್ಲಿನ ಬಣವೆಯ ಮರೆಗೆ ಹೋಗಿ ನಿಂತು, ಅಲ್ಲೇ ದೂರದ ನಾಡುಗಳಿಗಾಗಿ ಪ್ರಾರ್ಥಿಸಿದರು. ಆ ಬಣವೆಯ ಪ್ರಾರ್ಥನೆಯಿಂದ ಹುಟ್ಟಿದ ಹುರುಪಿನಲ್ಲಿ 1810ರಲ್ಲಿ ಒಂದು ಮಿಷನ್ ಮಂಡಳಿ ಸ್ಥಾಪನೆಯಾಯಿತು, 1812ರಲ್ಲಿ ಅದರ ಮೊದಲ ತಂಡ ಹಡಗು ಹತ್ತಿತು. ಆ ತಂಡದಲ್ಲಿದ್ದ ಅಡೊನೈರಾಮ್ ಜಡ್ಸನ್ 1813ರಲ್ಲಿ ಬರ್ಮಾ ತಲುಪಿದರು. ಅಲ್ಲಿ ಮೊದಲ ದೀಕ್ಷಾಸ್ನಾನ ನಡೆದದ್ದು 1819ರಲ್ಲಿ. ಆರು ವರ್ಷ, ಒಬ್ಬ ಮನುಷ್ಯ.

ಇಂಗ್ಲೆಂಡಿನ ಮಿಷನರಿ ವಿಲಿಯಂ ಕೇರಿ ಬಂಗಾಳಕ್ಕೆ ಬಂದದ್ದು 1793ರಲ್ಲಿ. ಅವರ ಕೆಲಸದ ಮೊದಲ ಫಲವಾಗಿ ಕೃಷ್ಣ ಪಾಲ್ ಎಂಬ ಬಡಗಿ ದೀಕ್ಷಾಸ್ನಾನ ಪಡೆದದ್ದು 1800ರ ಡಿಸೆಂಬರ್ ಕೊನೆಗೆ. ಏಳು ವರ್ಷ. ಅದೂ ಹೇಗೆ ಶುರುವಾಯಿತು ನೋಡಿ: ಕೃಷ್ಣ ಪಾಲ್ ಜಾರಿ ಬಿದ್ದು ಭುಜದ ಕೀಲು ತಪ್ಪಿತ್ತು, ಕೇರಿಯ ಜೊತೆಗಿದ್ದ ವೈದ್ಯ ಜಾನ್ ಥಾಮಸ್ ಅದನ್ನು ಸರಿಪಡಿಸಿದರು. ಚೀನಾಕ್ಕೆ 1807ರಲ್ಲಿ ಹೋದ ರಾಬರ್ಟ್ ಮಾರಿಸನ್ ಮೊದಲ ದೀಕ್ಷಾಸ್ನಾನ ಕೊಟ್ಟದ್ದು 1814ರಲ್ಲಿ. ಅಲ್ಲಿಯೂ ಏಳು ವರ್ಷ. ಇವರ ಕೈಯಲ್ಲಿ ನಮ್ಮ ನಮೂನೆ ಇದ್ದಿದ್ದರೆ ಮೂರನೆಯ ಅಂಕಣ ವರ್ಷಗಟ್ಟಲೆ ಖಾಲಿ ಇರುತ್ತಿತ್ತು. ಕನ್ನಡದವರಿಗೆ ಕಿಟೆಲ್ ಗೊತ್ತು. 1853ರಲ್ಲಿ ಮಿಷನರಿಯಾಗಿ ಬಂದ ಅವರ ನಿಘಂಟು ಅಚ್ಚಾದದ್ದು 1894ರಲ್ಲಿ. ಸಾರಲು ಬಂದವರು ನಾಲ್ಕು ದಶಕ ಇನ್ನೊಬ್ಬರ ಮಾತಿಗೆ ಕಿವಿಗೊಟ್ಟರು. ನಾನು ಒಬ್ಬ ಅಜ್ಜನ ಒಂದು ಮಾತಿಗೆ ಕಿವಿಗೊಡಲಿಲ್ಲ.

ಕಡಿಮೆ ದಿನದ ಯಾತ್ರೆ ಎಂಬುದೇ ದೋಷವೆಂದು ನಾನು ಹೇಳುತ್ತಿಲ್ಲ. ಅಪೊಸ್ತಲರ ಕೃತ್ಯಗಳಲ್ಲಿ ಬರುವ ಸುವಾರ್ತಿಕ ಫಿಲಿಪ್ಪನಿಗೆ ಸಿಕ್ಕಿದ್ದು ಒಂದು ರಥಪ್ರಯಾಣದಷ್ಟು ಹೊತ್ತು. ಗಾಜಾಕ್ಕೆ ಇಳಿಯುವ ದಾರಿಯಲ್ಲಿ ಐಥಿಯೋಪ್ಯದ ರಾಣಿಯ ಅಧಿಕಾರಿಯಾದ ಕಂಚುಕಿಯೊಬ್ಬ ರಥದಲ್ಲಿ ಕುಳಿತು ಯೆಶಾಯನ ಗ್ರಂಥವನ್ನು ಓದುತ್ತಿದ್ದಾನೆ. ಫಿಲಿಪ್ಪ ಓಡಿ ಹತ್ತಿರ ಹೋಗುತ್ತಾನೆ. ಆ ಮನುಷ್ಯ ಏನು ಓದುತ್ತಿದ್ದಾನೆಂದು ಮೊದಲು ಕೇಳಿಸಿಕೊಳ್ಳುತ್ತಾನೆ. ಅವನ ಬಾಯಿಂದ ಬರುವ ಮೊದಲ ಮಾತೇ ಪ್ರಶ್ನೆ: ಓದುತ್ತಿರುವುದು ಅರ್ಥವಾಗುತ್ತಿದೆಯೇ? ಹತ್ತಿ ಬಂದು ಕುಳಿತುಕೋ ಎಂದು ಕರೆದವನು ಕಂಚುಕಿ. ಪ್ರವಾದಿ ಯಾರ ವಿಷಯ ಹೇಳುತ್ತಿದ್ದಾನೆ ಎಂದು ಕೇಳಿದವನೂ ಅವನೇ. ಆಮೇಲೆಯೇ ಫಿಲಿಪ್ಪ ಯೇಸುವಿನ ವಿಷಯವನ್ನು ತಿಳಿಸುವುದು. ದೀಕ್ಷಾಸ್ನಾನವಾದ ಮೇಲೆ ಇಬ್ಬರೂ ಮತ್ತೆ ಒಬ್ಬರನ್ನೊಬ್ಬರು ನೋಡಲಿಲ್ಲ. ಕಂಚುಕಿ ಸಂತೋಷದಿಂದ ತನ್ನ ದಾರಿ ಹಿಡಿದ.

ಒಂದು ಮಧ್ಯಾಹ್ನವೂ ಸಾಕಾಗಬಹುದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಆದರೆ ಆ ಮಧ್ಯಾಹ್ನದಲ್ಲಿ ಎದುರಿಗಿದ್ದವನ ಪ್ರಶ್ನೆಗೆ ಜಾಗವಿತ್ತು.

ಯೋಹಾನನ ಸುವಾರ್ತೆಯ ನಾಲ್ಕನೆಯ ಅಧ್ಯಾಯವನ್ನು ಹೊರಡುವ ಮುಂಚೆ ಒಮ್ಮೆ ಮೆಲ್ಲಗೆ ಓದಿ. ಮಟಮಟ ಮಧ್ಯಾಹ್ನ. ಯೇಸು ದಣಿದು ಬಾವಿಯ ಬಳಿ ಕುಳಿತಿದ್ದಾನೆ. ಸಮಾರ್ಯದ ಹೆಂಗಸು ನೀರಿಗೆ ಬರುತ್ತಾಳೆ. ಅವನು ಮೊದಲು ಕೇಳುವುದು ಕುಡಿಯಲು ನೀರು. ಅವನ ಹತ್ತಿರ ಸೇದುವುದಕ್ಕೆ ಏನೂ ಇಲ್ಲ, ಬಾವಿ ಆಳವಾಗಿದೆ, ಅವಳ ಕೈಯಲ್ಲಿ ಕೊಡ ಇದೆ. ಜೀವಜಲ ಕೊಡಬಲ್ಲವನು ಅವಳ ಕೊಡದ ನೀರಿಗೆ ಕೈಯೊಡ್ಡಿ ಮಾತು ಶುರು ಮಾಡುತ್ತಾನೆ. ನಾವೋ, ಪಡೆಯುವುದಕ್ಕೆ ಏನೂ ಇಲ್ಲದವರಂತೆ, ಕೊಡುವುದಕ್ಕೆ ಮಾತ್ರ ಹೋಗುತ್ತೇವೆ. ಅದೇ ಅಧ್ಯಾಯದಲ್ಲಿ ಇನ್ನೊಂದು ಸಂಗತಿ ನನ್ನನ್ನು ಸದಾ ಕಾಡುತ್ತದೆ. ಶಿಷ್ಯರು ಅದೇ ಊರಿನೊಳಗೆ ಹೋಗಿದ್ದರು. ಊಟ ಕೊಂಡುಕೊಂಡು ಬಂದರು, ಅಷ್ಟೇ. ಇವಳು ಕೊಡವನ್ನು ಅಲ್ಲೇ ಬಿಟ್ಟು ಓಡಿ, ಊರನ್ನೇ ಕರೆದುಕೊಂಡು ಬಂದಳು. ಅವಳು ಹೇಳಿದ್ದಾದರೂ ಏನು? ನಾನು ಮಾಡಿದ್ದನ್ನೆಲ್ಲ ನನಗೆ ಹೇಳಿದವನನ್ನು ಬಂದು ನೋಡಿರಿ, ಅವನು ಕ್ರಿಸ್ತನಿರಬಹುದೇ? ಸಾಕ್ಷಿಯ ಕೊನೆಯೂ ಪ್ರಶ್ನೆಯೇ.

ಈಗ ಸ್ವಲ್ಪ ಕಠಿಣವಾದ ಮಾತು. ನಮ್ಮ ಭಾಷೆಯಲ್ಲಿ ಹಂಗು ಎಂಬ ಪದವಿದೆ, ದಾಕ್ಷಿಣ್ಯ ಎಂಬ ಪದವಿದೆ. ಯಾತ್ರೆಯಲ್ಲಿ ಎದ್ದ ಕೈಗಳಲ್ಲಿ ಎಷ್ಟು ಕೈಗಳನ್ನು ನಂಬಿಕೆ ಎತ್ತಿತು, ಎಷ್ಟನ್ನು ದಾಕ್ಷಿಣ್ಯ ಎತ್ತಿತು ಎಂಬುದನ್ನು ವೇದಿಕೆಯ ಮೇಲೆ ನಿಂತವರು ಹೇಳಲಾರರು. ಔಷಧಿಯ ಶಿಬಿರ ನಡೆಸಿ, ಸಂದೇಶ ಮುಗಿಯುವವರೆಗೆ ಚೀಟಿ ಕೊಡದೆ ಕೂರಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಜ್ವರದ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡ ತಾಯಿ ಕೈ ಎತ್ತಿ ಎಂದರೆ ಎತ್ತುತ್ತಾಳೆ. ಎರಡೂ ಕೈ ಎತ್ತಿ ಎಂದರೂ ಎತ್ತುತ್ತಾಳೆ. ಆ ಕೈಯನ್ನು ಎಣಿಸುವುದು ಪಾಪ. ಬೇರೆ ಪದ ನನಗೆ ಸಿಗುತ್ತಿಲ್ಲ. ತಂದೆತಾಯಿ ಪಕ್ಕದಲ್ಲಿಲ್ಲದ ಮಕ್ಕಳಿಂದ ಪ್ರಾರ್ಥನೆ ಹೇಳಿಸಿ ಅಂಕಣ ತುಂಬುವುದೂ ಅದೇ ಜಾತಿಗೆ ಸೇರಿದ್ದು.

ಇದು ನನ್ನೊಬ್ಬನ ಸಂಕೋಚವೆಂದು ತಿಳಿಯಬೇಡಿ. ವ್ಯಾಟಿಕನ್ನಿನ ಅಂತರಧರ್ಮ ಸಂವಾದದ ಮಂಡಳಿ, ಚರ್ಚುಗಳ ವಿಶ್ವ ಪರಿಷತ್ತು ಮತ್ತು ವಿಶ್ವ ಇವ್ಯಾಂಜೆಲಿಕಲ್ ಒಕ್ಕೂಟ, ಅನೇಕ ವಿಷಯಗಳಲ್ಲಿ ಒಮ್ಮತವಿಲ್ಲದ ಈ ಮೂರು ಬಳಗಗಳು, 2011ರಲ್ಲಿ ಒಟ್ಟಾಗಿ ಕ್ರೈಸ್ತ ಸಾಕ್ಷಿಯ ನಡವಳಿಕೆ ಕುರಿತು ಒಂದು ದಾಖಲೆ ಹೊರಡಿಸಿದವು. ಸಾರುವ ಕರ್ತವ್ಯವನ್ನು ಅದು ಬಿಟ್ಟುಕೊಡುವುದಿಲ್ಲ. ಜೊತೆಗೇ, ಸೇವೆಯಲ್ಲಿ ಆಮಿಷ ಬೆರೆಸಕೂಡದು, ಬಡತನ ಮತ್ತು ಅಗತ್ಯವನ್ನು ದುರುಪಯೋಗ ಮಾಡಿಕೊಳ್ಳಕೂಡದು ಎಂದು ಸ್ಪಷ್ಟವಾಗಿ ಹೇಳುತ್ತದೆ. ಔಷಧಿ ಕೊಡುವುದಿದ್ದರೆ ಕೊಡಿ. ಕೊಟ್ಟು ಮುಗಿಸಿ. ಅವರು ಮನೆಗೆ ಹೋಗಲು ಪೂರ್ತಿ ಸ್ವತಂತ್ರರಾದ ಮೇಲೂ ನಿಮ್ಮ ಪಕ್ಕದಲ್ಲಿ ಕುಳಿತು ಮಾತನಾಡಬೇಕೆಂದು ಅನ್ನಿಸಿದರೆ, ಆಗ ಮಾತನಾಡಿ.

ಪೇತ್ರನ ಮೊದಲ ಪತ್ರದ ಮೂರನೆಯ ಅಧ್ಯಾಯ ನಮ್ಮೆಲ್ಲರಿಗೂ ಬಾಯಿಪಾಠ: ನಿಮ್ಮಲ್ಲಿರುವ ನಿರೀಕ್ಷೆಗೆ ಕಾರಣವೇನೆಂದು ಕೇಳುವವರಿಗೆ ಉತ್ತರ ಕೊಡಲು ಸಿದ್ಧರಾಗಿರಿ. ತರಬೇತಿಯಲ್ಲಿ ನಮಗೆ ಉತ್ತರವನ್ನು ಕಲಿಸುತ್ತಾರೆ. ಕೇಳುವವರು ಎಂಬ ಪದದ ಮೇಲೆ ಬೆರಳಿಟ್ಟು ಯಾರೂ ನಿಲ್ಲುವುದಿಲ್ಲ. ಯಾರಾದರೂ ಕೇಳಬೇಕಾದರೆ ಅವರ ಕಣ್ಣಿಗೆ ನನ್ನಲ್ಲಿ ಏನಾದರೂ ಬೀಳಬೇಕು, ಬೀಳುವಷ್ಟು ಹೊತ್ತು ನಾನು ಅಲ್ಲಿರಬೇಕು.

ಮರುವರ್ಷ ನಾನು ಮತ್ತೆ ಹೋದೆ. ಆ ಬಾರಿ ಒಂದೇ ಊರು, ಒಂದೇ ಆಶ್ರಯಧಾಮ, ಹನ್ನೆರಡು ದಿನ. ಹಗಲೆಲ್ಲ ಗೋಡೆ ಕೆರೆದು ಬಣ್ಣ ಬಳಿಯುವ ಕೆಲಸ. ಬೆಳಗ್ಗೆ ಎಲ್ಲರಿಗಿಂತ ಮುಂಚೆ ಎದ್ದು ಮೆಟ್ಟಿಲ ಮೇಲೆ ಕುಳಿತು ಪ್ರಾರ್ಥಿಸುತ್ತಿದ್ದೆ. ಆ ಹೊತ್ತಿನಲ್ಲಿ ಅಂಗಳ ಗುಡಿಸುತ್ತಿದ್ದ ಹೆಂಗಸೊಬ್ಬರು ಆರನೆಯ ದಿನ ಪೊರಕೆಯನ್ನು ಗೋಡೆಗೆ ಒರಗಿಸಿ ಬಂದು ಕೇಳಿದರು: "ದಿನವೂ ಕಣ್ಣು ಮುಚ್ಚಿ ಯಾರೊಂದಿಗೆ ಮಾತನಾಡುತ್ತೀಯ? ಅವರು ಉತ್ತರ ಕೊಡುತ್ತಾರೆಯೇ?"

ಮೂರು ನಿಮಿಷದ ಸಾಕ್ಷಿ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ. ಆ ವರ್ಷ ನನ್ನ ತಂದೆ ತೀರಿಕೊಂಡಿದ್ದರು. ನಾನು ಅವರ ಜೀವಕ್ಕಾಗಿ ಪ್ರಾರ್ಥಿಸಿದ್ದೆ, ಕೇಳಿದ್ದು ಸಿಗಲಿಲ್ಲ ಎಂದು ಹೇಳಿದೆ. ಆಸ್ಪತ್ರೆಯ ಆ ಕೊನೆಯ ರಾತ್ರಿ ನಾನು ಒಂಟಿಯಾಗಿರಲಿಲ್ಲ, ಅದು ನನಗೆ ಖಂಡಿತವಾಗಿ ಗೊತ್ತು, ಯೇಸು ನನ್ನೊಂದಿಗಿದ್ದನು, ತನ್ನ ಸ್ನೇಹಿತನ ಸಮಾಧಿಯ ಮುಂದೆ ಅತ್ತವನು ಅವನು ಎಂದೂ ಹೇಳಿದೆ. ಮಾತು ತಡವರಿಸಿತು, ಎರಡು ಕಡೆ ನಿಂತೇಹೋಯಿತು. ಅವರು ಮೆಟ್ಟಿಲ ಮೇಲೆ ನನ್ನ ಪಕ್ಕ ಕುಳಿತರು. ಆಮೇಲೆ ತಮ್ಮ ಮಗಳ ವಿಷಯ ಹೇಳಿದರು. ಬಹಳ ಹೊತ್ತು ಹೇಳಿದರು. ಅದನ್ನು ಇಲ್ಲಿ ಹೇಳುವ ಹಕ್ಕು ನನಗಿಲ್ಲ. ಕೊನೆಗೆ ಎದ್ದು ಪೊರಕೆ ಕೈಗೆ ತೆಗೆದುಕೊಂಡು, "ನಾಳೆ ಕುಳಿತಾಗ ಅವಳ ಹೆಸರನ್ನೂ ಹೇಳು" ಎಂದರು.

ಅವರು ಯಾವ ತೀರ್ಮಾನವನ್ನೂ ತೆಗೆದುಕೊಳ್ಳಲಿಲ್ಲ. ಈ ಹೆಂಗಸಿನ ಅನುಮತಿ ಕೇಳಿಯೇ, ಆ ಊರಿನ ಸಭೆಯ ಹಿರಿಯಕ್ಕ ಒಬ್ಬರಿಗೆ ಇವರನ್ನು ಪರಿಚಯ ಮಾಡಿಸಿ ಬಂದೆ, ಏಕೆಂದರೆ ಹದಿಮೂರನೆಯ ದಿನವೂ ಅಲ್ಲಿರುವವರು ಆ ಅಕ್ಕ. ನಂಬಿಕೆ ಎಲ್ಲಿಯವರೆಗೆ ಬೆಳೆಯಿತು ಎಂದು ನನಗೆ ಸುದ್ದಿ ಬಂದಿಲ್ಲ. ಮಗಳ ಹೆಸರನ್ನು ಮಾತ್ರ ಇಂದಿಗೂ ದಿನವೂ ಹೇಳುತ್ತೇನೆ.

ಹಿಂದಿರುಗಿ ಬಂದಾಗ ಸಭೆಯಲ್ಲಿ ಮೈಕು ಕೊಟ್ಟು ಕೇಳುತ್ತಾರೆ, ಎಷ್ಟು ಜನ? ಕಳುಹಿಸುವ ಹಿರಿಯರೇ, ದಯವಿಟ್ಟು ಈ ಪ್ರಶ್ನೆಯನ್ನು ಬಿಡಿ. ಹುಡುಗರು ಸುಳ್ಳು ಹೇಳುವುದನ್ನು ನಾವೇ ಕಲಿಸುತ್ತಿದ್ದೇವೆ. ಯಾರನ್ನು ಭೇಟಿಯಾದೆ ಎಂದು ಕೇಳಿ. ಅವರು ನಿನಗೆ ಏನು ಹೇಳಿದರು ಎಂದು ಕೇಳಿ. ಯಾರಿಗಾಗಿ ನಾವು ಪ್ರಾರ್ಥಿಸಬೇಕು ಎಂದು ಕೇಳಿ, ಹೆಸರು ಬರೆದುಕೊಳ್ಳಿ.

ಆ ಅಜ್ಜನ ಹೆಸರು ನನ್ನಲ್ಲಿಲ್ಲ. ನಾನು ಕೇಳಲಿಲ್ಲ, ನಮೂನೆಯಲ್ಲಿ ಹೆಸರಿಗೆ ಅಂಕಣವೂ ಇರಲಿಲ್ಲ. ಪ್ರಾರ್ಥನೆಯಲ್ಲಿ ಅವರ ಸರದಿ ಬಂದಾಗ ಕೊಡೆಯ ಅಜ್ಜ ಎಂದೇ ಹೇಳುತ್ತೇನೆ.