ನಂಬರ್ ಹಾಕಿದ್ರೆ ಪುಸ್ತಕ ಸಿಗುತ್ತೆ, ಅದರ ಬಳಗ ಸಿಗಲ್ಲ

ಎಲ್ರಿಗೂ ನಮಸ್ಕಾರ. ಒಂದು ಪುಸ್ತಕದ ಬೇರೆ ಆವೃತ್ತಿ, ಮೂಲ, ಅನುವಾದ ಇವನ್ನ ಲೈಬ್ರರಿಲಿ ಹೇಗೆ ಹುಡುಕಿ ಜೋಡ್ಸೋದು ಅಂತ ಹಾಸನದಲ್ಲಿ ಮಾತಾಡೋಕೆ ಉದಾಹರಣೆ ದೂರ ಹುಡುಕ್ಬೇಕಾಗಿಲ್ಲ, ನಮ್ಮೂರಿನ ಬಾನು ಮುಷ್ತಾಕ್ ಅವರ ‘ಹಾರ್ಟ್ ಲ್ಯಾಂಪ್’ ಕಥಾ ಸಂಕಲನ ಇದ್ಯಲ್ಲ, ದೀಪಾ ಭಾಸ್ತಿ ಅವರು ಇಂಗ್ಲಿಷಿಗೆ ತಂದಿದ್ದು, 2025ರಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಬಂತು. ಈಗ ಲೈಬ್ರರಿಗೆ ಒಬ್ಬ ಹುಡುಗಿ ಬಂದು ‘ಮೇಡಂ, ಇದರ ಕನ್ನಡ ಪುಸ್ತಕ ಕೊಡಿ’ ಅಂತಾಳೆ ಅಂದ್ಕೊಳ್ಳಿ. ಏನ್ ಕೊಡ್ತೀರಿ?

ಮೊದ್ಲು ಹಿಂದಿನ ರಟ್ಟಿನ ಬಾರ್‌ಕೋಡ್ ಸ್ಕ್ಯಾನ್ ಮಾಡ್ತೀವಿ, ಅದ್ರಲ್ಲಿರೋದು ಐಎಸ್‌ಬಿಎನ್, ಅಂದ್ರೆ ಪುಸ್ತಕದ ಒಂದೊಂದು ಆವೃತ್ತಿಗೂ ಕೊಡೋ ಗುರುತಿನ ನಂಬರ್. ಇಂಟರ್ನೆಟ್ ಆರ್ಕೈವ್‌ನವರ ಓಪನ್ ಲೈಬ್ರರಿ ಅನ್ನೋ ಆನ್‌ಲೈನ್ ಪುಸ್ತಕ ಪಟ್ಟಿ ಇದೆ, ಅದರ ವಿಳಾಸದ ಮುಂದೆ ಐಎಸ್‌ಬಿಎನ್ ಅಂತ ಬರ್ದು, ಓರೆ ಗೆರೆ ಹಾಕಿ ನಂಬರ್ ಕೊಟ್ಟು ಕೊನೇಲಿ ಡಾಟ್ ಜೇಸನ್ ಅಂತ ಸೇರ್ಸಿದ್ರೆ, ಪುಸ್ತಕ ಅಲ್ಲಿ ದಾಖಲಾಗಿದ್ರೆ ಹೆಸರು, ಪ್ರಕಾಶಕರು, ವರ್ಷ ಎಲ್ಲ ಬರುತ್ತೆ. ಅದ್ರಲ್ಲೇ ‘ವರ್ಕ್ಸ್’ ಅಂತ ಒಂದು ಸಾಲು ಇರುತ್ತೆ, ದಯವಿಟ್ಟು ಅದನ್ನ ಬಿಟ್ಟು ಮುಂದೆ ಹೋಗ್ಬೇಡಿ, ಅಲ್ಲಿರೋ ಐಡಿ ಹಿಡ್ಕೊಂಡು ಎಡಿಷನ್ಸ್ ಕೇಳಿದ್ರೆ ಅದೇ ಕೃತಿಯ ಬೇರೆ ಬೇರೆ ಆವೃತ್ತಿಗಳು ಸಿಗ್ತವೆ. ಹಾರ್ಟ್ ಲ್ಯಾಂಪ್‌ಗೆ ಬ್ರಿಟನ್ನಿನ ಅಂಡ್ ಅದರ್ ಸ್ಟೋರೀಸ್‌ನವರದ್ದೊಂದು ನಂಬರ್, ಇಲ್ಲಿ ಪೆಂಗ್ವಿನ್‌ನವರದ್ದು ಇನ್ನೊಂದು, ಎರಡನ್ನೂ ಕಟ್ಟೋದು ಆ ವರ್ಕ್ ಐಡಿ.

(2007ಕ್ಕಿಂತ ಹಿಂದಿನ ಪುಸ್ತಕದಲ್ಲಿ 10 ಅಂಕಿಯ ನಂಬರ್ ಇರುತ್ತೆ. ಮುಂದೆ 978 ಸೇರ್ಸಿದ್ರೆ ಸಾಕು ಅಂತ ಬಹಳ ಜನ ಅಂದ್ಕೊಂಡಿದಾರೆ, ಸಾಲಲ್ಲ, ಕೊನೇ ಅಂಕಿನೂ ಹೊಸದಾಗಿ ಲೆಕ್ಕ ಹಾಕ್ಬೇಕು.)

ಆದ್ರೆ ಆ ಹುಡುಗಿ ಕೇಳಿದ್ದು ಇದ್ಯಾವುದೂ ಅಲ್ವಲ್ಲ. ಹಾರ್ಟ್ ಲ್ಯಾಂಪ್ ಒಂದೇ ಕನ್ನಡ ಪುಸ್ತಕದ ಅನುವಾದ ಅಲ್ಲ, 1990ರಿಂದ 2023ರವರೆಗೆ ಬರೆದ ಕಥೆಗಳಲ್ಲಿ 12 ಆರಿಸ್ಕೊಂಡಿದ್ದು. ಅಂದ್ರೆ ಸಂಬಂಧ ಇರೋದು ಪುಸ್ತಕಕ್ಕೂ ಪುಸ್ತಕಕ್ಕೂ ಅಲ್ಲ, ಕಥೆಗೂ ಕಥೆಗೂ. ಯಾವ ಐಎಸ್‌ಬಿಎನ್ ಹೊಡುದ್ರೂ ಇದು ತಾನಾಗೇ ಬರಲ್ಲ, ಯಾಕಂದ್ರೆ ಆ ನಂಬರ್ ಕೊಡೋದು ಆವೃತ್ತಿಗೆ, ಒಳಗಿನ ಕಥೆಗಲ್ಲ. ಯಾರಾದ್ರೂ ಕೂತು ಪರಿವಿಡಿ ನೋಡಿ ಬರೀಬೇಕು. ಲೈಬ್ರರಿಗಳು ಪುಸ್ತಕದ ದಾಖಲೆ ಬರೆಯೋ ಮಾದರಿ ಮಾರ್ಕ್ 21ರಲ್ಲಿ ಅದಕ್ಕೆ ಜಾಗ ಇದೆ: 505ನೇ ಫೀಲ್ಡ್‌ನಲ್ಲಿ ಒಳಗಿನ ಕಥೆಗಳ ಪಟ್ಟಿ, ಇಡೀ ಪುಸ್ತಕದ ಅನುವಾದ ಆಗಿದ್ರೆ 765ರಲ್ಲಿ ಮೂಲದ ವಿವರ. ಕೋಹಾ ಅನ್ನೋ ಲೈಬ್ರರಿ ಸಾಫ್ಟ್‌ವೇರ್ ಬಳಸೋರಿಗೆ ಈ ಫೀಲ್ಡ್‌ಗಳು ಗೊತ್ತೇ ಇರ್ತವೆ, ತುಂಬ್ಸೋದು ಮಾತ್ರ ಕಮ್ಮಿ, ನನಗೆ ನಿಜವಾಗ್ಲೂ ಬೇಜಾರಾಗೋದು ಇದೇ.

ಹೊರಗಿನವರ ಸರ್ವಿಸ್ ನಂಬ್ಕೊಂಡು ಕೂರೋಕೂ ಆಗಲ್ಲ. ಲೈಬ್ರರಿಗಳ ಸಹಕಾರ ಸಂಸ್ಥೆ ಒಸಿಎಲ್‌ಸಿಯವರ ಎಕ್ಸ್‌ಐಎಸ್‌ಬಿಎನ್ ಅಂತ ಒಂದಿತ್ತು, ಒಂದು ನಂಬರ್ ಕೊಟ್ರೆ ಬೇರೆ ಆವೃತ್ತಿಗಳ ನಂಬರ್ ವಾಪಸ್ ಕೊಡೋದು, ಅದನ್ನ ಮುಚ್ಚಿಬಿಟ್ರು. ಹಳೇ ಕನ್ನಡ ಪುಸ್ತಕಗಳಿಗಂತೂ ಐಎಸ್‌ಬಿಎನ್ನೇ ಇಲ್ಲ, ಈ ಪದ್ಧತಿ ಅಂತರರಾಷ್ಟ್ರೀಯ ಮಾನದಂಡ ಆಗಿದ್ದೇ 1970ರಲ್ಲಿ. ಅವಕ್ಕೆ ಹೆಸರು, ಲೇಖಕರು ಹಾಕೇ ಹುಡುಕ್ಬೇಕು, ಆಗ ಒಬ್ರು ಕನ್ನಡ ಲಿಪೀಲಿ ಹಾಕಿರ್ತಾರೆ ಇನ್ನೊಬ್ರು ಇಂಗ್ಲಿಷ್ ಅಕ್ಷರದಲ್ಲಿ, ಒಂದೇ ಕೃತಿ ಎರಡು ಆಗಿ ಕೂತಿರುತ್ತೆ.

ಓಪನ್ ಲೈಬ್ರರಿಲಿ ಅಕೌಂಟ್ ಮಾಡ್ಕೊಂಡ್ರೆ ಯಾರ್ ಬೇಕಾದ್ರೂ ತಿದ್ದಬಹುದು. ಇವತ್ತು ನಿಮ್ಮ ಕಪಾಟಿನಿಂದ ಬಾನು ಅವರ ಕನ್ನಡ ಸಂಕಲನಗಳನ್ನ ತೆಗ್ದಿಟ್ಟಿದೀವಿ, ಕಂಪ್ಯೂಟರ್ ಆನ್ ಇದೆ. ಹೆಸರು ಎರಡೂ ಲಿಪೀಲಿ ಹಾಕಿ, ಕಥೆಗಳ ಪಟ್ಟಿ ಪೂರ್ತಿ ಹಾಕಿ, ಮರುಮುದ್ರಣ ಅಂತಿದ್ರೆ ಅದನ್ನ ಹೊಸ ಆವೃತ್ತಿ ಅಂತ ಹಾಕೋ ಮುಂಚೆ ನನ್ನನ್ನ ಒಂದ್ಸಲ ಕರೀರಿ.